ಹದಿಮೂರು ತಿಂಗಳ ಸ್ವತಂತ್ರ ರಾಷ್ಟ್ರ: ಹೈದರಾಬಾದ್ ಸಂಸ್ಥಾನ ಮತ್ತು ಅದರ ಕನ್ನಡ ಜಿಲ್ಲೆಗಳು

ಹೈದರಾಬಾದ್ ಕರ್ನಾಟಕದ ಆತ್ಮಕಥನಗಳನ್ನೂ ಕಥೆ ಕಾದಂಬರಿಗಳನ್ನೂ ಪಾಠ ಹೇಳುವಾಗ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಭಾರತಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ರಂದು. ಹಾಗಿದ್ದ ಮೇಲೆ ಬೀದರ, ಕಲಬುರಗಿ, ರಾಯಚೂರು ಸೀಮೆಯ ಹಿರಿಯರು 1948ರ ಸೆಪ್ಟೆಂಬರ್ 17ನ್ನು ಏಕೆ ಎಣಿಕೆಗೆ ಹಿಡಿಯುತ್ತಾರೆ? ನಡುವಿನ ಹದಿಮೂರು ತಿಂಗಳು ಅವರು ಯಾವ ದೇಶದಲ್ಲಿದ್ದರು? ಪ್ರಶ್ನೆ ಸರಳವಾಗಿ ತೋರಿದರೂ ಉತ್ತರ ಸರಳವಲ್ಲ. ಆ ಅವಧಿಯಲ್ಲಿ ಈ ಮೂರು ಜಿಲ್ಲೆಗಳು, ಅವುಗಳನ್ನು ಆಳುತ್ತಿದ್ದ ದೊರೆಯ ಹೇಳಿಕೆಯ ಪ್ರಕಾರ, ಒಂದು ಸ್ವತಂತ್ರ ರಾಷ್ಟ್ರದ ಭಾಗಗಳಾಗಿದ್ದವು. ಆ ರಾಷ್ಟ್ರಕ್ಕೆ ತನ್ನದೇ ಆದ ನಾಣ್ಯವಿತ್ತು, ರೈಲಿತ್ತು, ಅಂಚೆಯಿತ್ತು, ಸೈನ್ಯವಿತ್ತು. ಲಂಡನ್ನಿನಲ್ಲಿ ಅದರ ಪ್ರತಿನಿಧಿಯಿದ್ದನು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಅದರದೊಂದು ದೂರೂ ಇತ್ತು. ಇಷ್ಟೆಲ್ಲ ಇದ್ದ ರಾಷ್ಟ್ರವು ಐದು ದಿನಗಳ ಸೈನಿಕ ಕಾರ್ಯಾಚರಣೆಯ ಮುಂದೆ ಏಕೆ ನಿಲ್ಲಲಿಲ್ಲವೆಂಬುದನ್ನು ಕನ್ನಡ ಜಿಲ್ಲೆಗಳ ಕಡೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮಾತುಗಳನ್ನು ಬರೆಯುತ್ತಿರುವುದು ಉಪ್ಪಲ್‌ನಲ್ಲಿ ಕುಳಿತು. ಇಂದು ಮಹಾನಗರದ ಒಳಗೇ ಸೇರಿಹೋಗಿರುವ ಈ ಊರು ಆ ಕಾಲಕ್ಕೆ ನಗರದ ಪೂರ್ವಕ್ಕಿದ್ದ ಒಂದು ಹಳ್ಳಿ. ಇಲ್ಲಿಂದ ಪಶ್ಚಿಮಕ್ಕೆ ಹಬ್ಸಿಗುಡಾ, ತಾರ್ನಾಕಾಗಳನ್ನು ದಾಟಿದರೆ ಉಸ್ಮಾನಿಯಾ ವಿಶ್ವವಿದ್ಯಾನಿಲಯ. ಪೂರ್ವಕ್ಕೆ ಹೊರಟ ಹೆದ್ದಾರಿ ಭುವನಗಿರಿಯನ್ನು ಮುಟ್ಟಿ ವರಂಗಲ್ಲಿಗೆ ಹೋಗುತ್ತದೆ. ಒಂದು ಕಡೆ ಸಂಸ್ಥಾನವು ಜಗತ್ತಿನ ಮುಂದೆ ಹೆಮ್ಮೆಯಿಂದ ತೋರಿಸುತ್ತಿದ್ದ ವಿದ್ಯಾಕೇಂದ್ರ. ಇನ್ನೊಂದು ಕಡೆ 1944ರ ಆಂಧ್ರ ಮಹಾಸಭೆಯ ಅಧಿವೇಶನದಿಂದ ಹೊಸ ತಿರುವು ಪಡೆದು ಸಶಸ್ತ್ರ ರೈತ ಹೋರಾಟವಾಗಿ ಬೆಳೆದ ಚಳವಳಿಯ ನೆಲ. ಇವೆರಡರ ನಡುವಿನ ಅಂತರ ನಲವತ್ತು ಕಿಲೋಮೀಟರಿನಷ್ಟು. ಹೈದರಾಬಾದ್ ರಾಜ್ಯದ ವೈರುಧ್ಯವನ್ನು ವಿವರಿಸಲು ಇದಕ್ಕಿಂತ ದೂರ ಹೋಗಬೇಕಾಗಿಲ್ಲ.

ಮೊದಲು ರಾಜ್ಯದ ಸ್ವರೂಪವನ್ನು ಗಮನಿಸೋಣ. ವಿಸ್ತೀರ್ಣ ಸುಮಾರು 82,000 ಚದರ ಮೈಲಿ. 1941ರ ಜನಗಣತಿಯ ಪ್ರಕಾರ ಜನಸಂಖ್ಯೆ ಒಂದು ಕೋಟಿ ಅರವತ್ತು ಲಕ್ಷವನ್ನು ಮೀರಿತ್ತು. ಹದಿನಾರು ಜಿಲ್ಲೆಗಳಲ್ಲಿ ಅರ್ಧದಷ್ಟು ಜನ ತೆಲುಗರು, ನಾಲ್ಕನೆಯ ಒಂದು ಪಾಲಿನಷ್ಟು ಮರಾಠಿಗರು. ಕನ್ನಡಿಗರು ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಉರ್ದು ಮನೆಮಾತಿನವರೂ ಹೆಚ್ಚುಕಡಿಮೆ ಅಷ್ಟೇ. ಭೂಮಿಯ ಹಂಚಿಕೆಯನ್ನು ನೋಡಿದರೆ, ನೂರಕ್ಕೆ ಅರವತ್ತರಷ್ಟು ಸರ್ಕಾರಕ್ಕೆ ನೇರವಾಗಿ ಕಂದಾಯ ಕೊಡುವ ದಿವಾನಿ, ಮೂವತ್ತರಷ್ಟು ಜಾಗೀರು, ಉಳಿದ ಹತ್ತರಷ್ಟು ನಿಜಾಮರ ಸ್ವಂತ ಖರ್ಚಿಗೆ ಮೀಸಲಾದ ಸರ್ಫ್-ಎ-ಖಾಸ್. ಕನ್ನಡ ಭಾಗದಲ್ಲಿ ಕೊಪ್ಪಳ ಸೀಮೆ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಜಾಗೀರಿನ ರೈತನಿಗೆ ಸರ್ಕಾರವೆಂದರೆ ಜಾಗೀರುದಾರನ ಕಾರಕೂನ. ಅವನಾಚೆಗೆ ಒಂದು ರಾಜ್ಯವಿದೆಯೆಂಬುದು ಬಹುಮಟ್ಟಿಗೆ ಕೇಳಿದ ಸುದ್ದಿ.

1947ರ ಜೂನಿನಲ್ಲಿ ಬ್ರಿಟಿಷರು ತಮ್ಮ ನಿರ್ಗಮನದ ಯೋಜನೆಯನ್ನು ಸಾರಿದಾಗ, ದೇಶೀಯ ಸಂಸ್ಥಾನಗಳ ಮೇಲಿನ ಪರಮಾಧಿಕಾರ ಯಾರಿಗೂ ವರ್ಗವಾಗದೆ ಅಳಿದುಹೋಗುವುದೆಂದು ಹೇಳಿದರು. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು ಅದೇ ತಿಂಗಳಿನ ಫರ್ಮಾನಿನಲ್ಲಿ ತಾವು ಭಾರತವನ್ನಾಗಲಿ ಪಾಕಿಸ್ತಾನವನ್ನಾಗಲಿ ಸೇರುವುದಿಲ್ಲವೆಂದೂ ಸ್ವತಂತ್ರ ಪ್ರಭುಗಳಾಗುವರೆಂದೂ ಪ್ರಕಟಿಸಿದರು. ಕಾನೂನಿನ ಅಕ್ಷರವನ್ನಷ್ಟೇ ಹಿಡಿದರೆ ಈ ನಿಲುವು ನಿರಾಧಾರವಾದುದಲ್ಲ. 1933ರ ಮೊಂಟೆವಿಡಿಯೊ ಒಪ್ಪಂದವು ರಾಷ್ಟ್ರವೆನಿಸಿಕೊಳ್ಳಲು ನಾಲ್ಕು ಲಕ್ಷಣಗಳನ್ನು ಹೇಳುತ್ತದೆ: ಸ್ಥಿರವಾದ ಜನಸಮುದಾಯ, ಗೊತ್ತಾದ ಎಲ್ಲೆ, ಸರ್ಕಾರ, ಇತರ ರಾಷ್ಟ್ರಗಳೊಡನೆ ವ್ಯವಹರಿಸುವ ಸಾಮರ್ಥ್ಯ. ಮೊದಲ ಮೂರು ಹೈದರಾಬಾದಿಗೆ ಇದ್ದವೆಂದು ವಾದಿಸಬಹುದಿತ್ತು. ಆದರೆ ಆ ಪಟ್ಟಿಯಲ್ಲಿ ಪ್ರಜೆಗಳ ಸಮ್ಮತಿ ಎಂಬ ಲಕ್ಷಣವಿಲ್ಲ. ನಿಜಾಮರ ಸಲಹೆಗಾರರೂ ಅದನ್ನು ಸೇರಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ ಇನ್ನೊಂದು ಕನ್ನಡ ಸಂಸ್ಥಾನದ ಕಡೆಗೆ ನೋಡಬೇಕು. ಮೈಸೂರು 1947ರ ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿತು. ಅಲ್ಲಿಯೂ ಅರಸೊತ್ತಿಗೆಯಿತ್ತು, ಅಲ್ಲಿಯೂ ಜವಾಬ್ದಾರಿ ಸರ್ಕಾರ ಕೊಡಲು ಹಿಂದುಮುಂದು ನೋಡಿದರು, ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಹೊತ್ತಿ ಗೋಲಿಬಾರುಗಳಾದವು. ಆದರೆ ಅಕ್ಟೋಬರ್ ಮುಗಿಯುವುದರೊಳಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಮೈಸೂರಿನ ಜನ ಹೈದರಾಬಾದಿನ ಜನರಿಗಿಂತ ಹೆಚ್ಚು ಧೀರರಾಗಿದ್ದರೆಂದು ಇದರ ಅರ್ಥವಲ್ಲ. ಅಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿತ್ತು. ಅದರ ಅಧಿಕಾರ ಅಲ್ಪವಾದರೂ, ರೈತರ ಅಹವಾಲು ಕನ್ನಡದಲ್ಲಿಯೇ ದಿವಾನರ ಮುಂದೆ ಹೋಗುವ ಒಂದು ದಾರಿ ಅರ್ಧ ಶತಮಾನಕ್ಕೂ ಮೇಲ್ಪಟ್ಟು ಸವೆದಿತ್ತು. ಜಗಳವಾಡುವ ರೀತಿಯನ್ನು ಎರಡು ಪಕ್ಷಗಳೂ ಕಲಿತಿದ್ದವು. ಹೈದರಾಬಾದಿನಲ್ಲಿ 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಯಿತು. ನಿಷೇಧ ತೆರವಾದದ್ದು 1946ರಲ್ಲಿ. ಅಲ್ಲಿ ಜಗಳಕ್ಕೆ ವೇದಿಕೆಯೇ ಇರಲಿಲ್ಲ.

ಇಲ್ಲಿ ಭಾಷೆಯ ಪ್ರಶ್ನೆಯನ್ನು ತುಸು ವಿಸ್ತಾರವಾಗಿಯೇ ಎತ್ತಿಕೊಳ್ಳಬೇಕು. ಕನ್ನಡ ಅಧ್ಯಯನ ವಿಭಾಗದ ಸಂಪುಟದಲ್ಲಿ ಅದು ಸಹಜವೂ ಹೌದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದ ಮೇಲೆ ಕಚೇರಿ, ನ್ಯಾಯಾಲಯ, ಉನ್ನತ ಶಿಕ್ಷಣಗಳೆಲ್ಲ ಉರ್ದುವಿನಲ್ಲಿ ನಡೆದವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉನ್ನತ ಶಿಕ್ಷಣವನ್ನು ಉರ್ದು ಮಾಧ್ಯಮದಲ್ಲಿ ಕೊಡತೊಡಗಿತು. ವೈದ್ಯ, ಗಣಿತ, ಕಾನೂನುಗಳ ಗ್ರಂಥಗಳನ್ನು ಅನುವಾದಿಸಲು ದಾರುಲ್ ತರ್ಜುಮಾ ಎಂಬ ಸಂಸ್ಥೆಯನ್ನೇ ಕಟ್ಟಿದರು. ಇಂಗ್ಲಿಷಿನ ಹೊರತು ವಿಜ್ಞಾನ ಕಲಿಸಲಾಗದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಇದು ಬಹುದೊಡ್ಡ ಸಾಹಸ. ಕನ್ನಡ ಮಾಧ್ಯಮದ ಬಗೆಗೆ ಇಂದಿಗೂ ಗೋಷ್ಠಿಗಳನ್ನು ನಡೆಸುತ್ತಿರುವ ನಾವು ಈ ಸಾಹಸವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಈ ದೇಶಭಾಷೆಯು ಎಂಟರಲ್ಲಿ ಏಳು ಪಾಲು ಪ್ರಜೆಗಳಿಗೆ ಮನೆಮಾತಾಗಿರಲಿಲ್ಲ. ಬ್ರಿಟಿಷ್ ಭಾರತದ ಇಂಗ್ಲಿಷಿಗೆ ಎದುರಾಗಿ ಉರ್ದುವಿಗೆ ಯಾವ ನ್ಯಾಯವನ್ನು ಕೇಳಿದರೋ ಅದೇ ನ್ಯಾಯವನ್ನು ತೆಲುಗು, ಮರಾಠಿ, ಕನ್ನಡಗಳು ಕೇಳಿದಾಗ ಕಿವಿಗೊಡಲಿಲ್ಲ.

ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಹೆಸರು ಹೈದರಾಬಾದ್ ಕರ್ನಾಟಕದ ಆತ್ಮಕಥನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಾರ್ವಜನಿಕ ಸಭೆಗಳಿಗೆ ಸರ್ಕಾರದ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿದ ಆಜ್ಞೆಯಿದು. ಇಂಥ ವಾತಾವರಣದಲ್ಲಿ 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದುವೆಂಬುದನ್ನು ನೆನೆದರೆ, ಆ ಸಮ್ಮೇಳನಗಳಿಗೆ ಸಾಹಿತ್ಯೇತರವಾದ ಅರ್ಥವೂ ಇದ್ದುದು ತಿಳಿಯುತ್ತದೆ. ಮೈಸೂರಿನಿಂದ, ಮಂಗಳೂರಿನಿಂದ ಬಂದ ವಿದ್ವಾಂಸರು ಹಳಗನ್ನಡ ಛಂದಸ್ಸನ್ನು ಕುರಿತೇ ಮಾತನಾಡಿದರೂ, ಕೇಳುವವರಿಗೆ ತಮ್ಮದೊಂದು ನಾಡು ಎಲ್ಲೆಯಾಚೆಗೂ ಇದೆಯೆಂಬ ಸುದ್ದಿ ಮುಟ್ಟುತ್ತಿತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್ದರ್ದ್ ಶಾಲೆ, ಕಲಬುರಗಿಯಲ್ಲಿ ನೂತನ ವಿದ್ಯಾಲಯ, ಹೈದರಾಬಾದಿನಲ್ಲಿ ಡಿ.ಕೆ. ಭೀಮಸೇನರಾಯರಂಥ ಅಧ್ಯಾಪಕರು ಮಾಡಿದ ಕೆಲಸವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು.

ಇನ್ನು ರಾಜಕೀಯ ಸ್ಥಿರತೆಯ ವಿಚಾರ. 1947ರ ಆಗಸ್ಟ್ 7ರಂದು ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದಲ್ಲಿ ಸ್ಟೇಟ್ ಕಾಂಗ್ರೆಸ್ ‘ಭಾರತ ಒಕ್ಕೂಟ ಸೇರಿರಿ’ ಎಂಬ ಸತ್ಯಾಗ್ರಹವನ್ನು ಹೂಡಿತು. ಆಗಸ್ಟ್ 15ರಂದು ಸ್ವಾಮೀಜಿ ಬಂಧನಕ್ಕೊಳಗಾದರು. ಆದರೆ ಸರ್ಕಾರದ ಸ್ಥೈರ್ಯವನ್ನು ಕೆಡಿಸಿದವರಲ್ಲಿ ಸತ್ಯಾಗ್ರಹಿಗಳಿಗಿಂತ ಅದರ ರಕ್ಷಕರೆಂದು ಹೇಳಿಕೊಂಡವರೇ ಮುಂದಿದ್ದರು. ಅಕ್ಟೋಬರ್ 27ರ ನಸುಕಿನಲ್ಲಿ, ಭಾರತದೊಡನೆ ಒಪ್ಪಂದಕ್ಕೆಂದು ದೆಹಲಿಗೆ ಹೊರಟಿದ್ದ ಛತಾರಿ ನವಾಬರು, ಸರ್ ವಾಲ್ಟರ್ ಮಾಂಕ್‌ಟನ್ ಮೊದಲಾದವರ ಮನೆಗಳನ್ನು ಖಾಸಿಂ ರಜ್ವಿಯ ಬೆಂಬಲಿಗರು ಮುತ್ತಿಗೆ ಹಾಕಿದರು. ನಿಯೋಗ ಹೊರಡಲಿಲ್ಲ, ಛತಾರಿಯವರು ಹುದ್ದೆ ಬಿಟ್ಟರು, ಉದ್ಯಮಿ ಮೀರ್ ಲಾಯಕ್ ಅಲಿ ಪ್ರಧಾನಿಯಾದರು. ಪ್ರಧಾನಿಯ ಮನೆಗೆ ಮುತ್ತಿಗೆ ಬಿದ್ದಾಗ ಪೊಲೀಸರು ನೋಡುತ್ತ ನಿಂತ ರಾಜ್ಯವು ಇನ್ನು ಹೊರಗಿನವರೊಡನೆ ಯಾವ ಮಾತನ್ನು ಕೊಟ್ಟು ಉಳಿಸಿಕೊಂಡೀತು? ನನ್ನ ಎಣಿಕೆಯಲ್ಲಿ ಸ್ವತಂತ್ರ ಹೈದರಾಬಾದಿನ ಪತನ ಆರಂಭವಾದದ್ದು ಆ ನಸುಕಿನಲ್ಲಿ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವೇನೋ ಆಯಿತು; ಎರಡು ಪಕ್ಷಗಳೂ ಅದನ್ನು ಕಾಲಾವಕಾಶವೆಂದು ಬಗೆದವೇ ಹೊರತು ಪರಿಹಾರವೆಂದಲ್ಲ.

‘ರಜಾಕಾರ’ ಎಂಬ ಅರಬಿ ಮೂಲದ ಪದಕ್ಕೆ ಸ್ವಇಚ್ಛೆಯಿಂದ ಸೇವೆಗೆ ಬಂದವನು ಎಂದರ್ಥ. ಬೀದರ ಸೀಮೆಯ ಕನ್ನಡದಲ್ಲಿ ಅದು ಕಾಲಗಣನೆಯ ಪದವಾಗಿ ಉಳಿದಿದೆ. ನನ್ನ ಅಜ್ಜಿ ತನ್ನ ಎರಡನೆಯ ಮಗನ ಹುಟ್ಟನ್ನು ಹೇಳುತ್ತಿದ್ದುದು ‘ರಜಾಕಾರ ಹಾವಳಿ ವರ್ಷ’ವೆಂದೇ. 1948ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡದ ನೆನಪು ಆ ಭಾಗದಲ್ಲಿ ಇನ್ನೂ ಮಾಸಿಲ್ಲ. ಊರು ಬಿಟ್ಟವರು ಸೋಲಾಪುರಕ್ಕೆ, ಗದಗಕ್ಕೆ, ಬಳ್ಳಾರಿಗೆ ಹೋದರು. ಮುಂಡರಗಿಯಂಥ ಗಡಿ ಊರುಗಳಲ್ಲಿ ಶಿಬಿರಗಳೆದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳಂಥವರು ಅಲ್ಲಿಂದ ಹೋರಾಟ ನಡೆಸಿದರು. ಹಿಂಸೆ ಒಂದೇ ಮತದವರನ್ನು ಗುರಿಯಾಗಿಸಿಕೊಂಡಿತ್ತೆಂದು ತಿಳಿಯುವುದು ತಪ್ಪಾದೀತು. ಭಾರತಕ್ಕೆ ಸೇರುವುದೇ ಹಿತವೆಂದು ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್‌ರನ್ನು ಆಗಸ್ಟ್ 21-22ರ ನಡುರಾತ್ರಿ ಹೈದರಾಬಾದಿನ ಬೀದಿಯಲ್ಲಿ ಕೊಂದರು.

ಆರ್ಥಿಕ ವ್ಯವಸ್ಥೆಯ ಕಡೆಗೆ ತಿರುಗಿದರೆ ಮೊದಲು ಕಣ್ಣಿಗೆ ಬೀಳುವುದು ನಾಣ್ಯ. ಭಾರತದ ಸಂಸ್ಥಾನಗಳಲ್ಲಿ ತನ್ನದೇ ಕಾಗದದ ನೋಟುಗಳನ್ನು ದೀರ್ಘಕಾಲ ಚಲಾವಣೆಯಲ್ಲಿಟ್ಟದ್ದು ಹೈದರಾಬಾದ್. ಉಸ್ಮಾನಿಯಾ ಸಿಕ್ಕಾ ಅಥವಾ ಹಾಲಿ ಸಿಕ್ಕಾ ಎಂದು ಕರೆಯುತ್ತಿದ್ದ ಈ ನಾಣ್ಯದ ಏಳು ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ. ಎರಡನೆಯದನ್ನು ನಮ್ಮವರು ‘ಕಲ್ದಾರ’ ಎನ್ನುತ್ತಿದ್ದರು. ಇದರ ನಿರ್ವಹಣೆಗೆಂದು 1941ರ ಕಾಯಿದೆಯಿಂದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಸ್ಥಾಪಿತವಾಯಿತು. ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎನಿಸಿ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದದ್ದು ಇದೇ. ಸಂಸ್ಥಾನದ ನೋಟಿನಲ್ಲಿ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡಗಳಲ್ಲಿಯೂ ಬೆಲೆಯನ್ನು ಅಚ್ಚು ಹಾಕಿರುತ್ತಿದ್ದರು. ರೈತ ತನ್ನ ಭಾಷೆಯನ್ನು ಸರ್ಕಾರದ ಕಾಗದದ ಮೇಲೆ ಕಾಣುತ್ತಿದ್ದುದು ಮುಖ್ಯವಾಗಿ ಈ ನೋಟಿನಲ್ಲಿ. ಅದೇ ನೋಟನ್ನು ತೆತ್ತು ಪಡೆದ ಕಂದಾಯದ ರಸೀತಿಯನ್ನು ಓದಿಸಲು ಇನ್ನೊಬ್ಬರ ಮನೆಗೆ ಹೋಗಬೇಕಾಗಿತ್ತು.

ಇನ್ನೊಂದು ಪದ ‘ಕರೋಡಗಿರಿ’, ಎಂದರೆ ಸುಂಕದ ಇಲಾಖೆ. ಎಲ್ಲೆ ದಾಟುವ ಸರಕಿಗೆ ಬೆಲೆಯ ನೂರಕ್ಕೆ ಐದರಂತೆ ಸುಂಕ. ತುಂಗಭದ್ರೆಯ ಒಂದು ದಡ ಮದ್ರಾಸು ಪ್ರಾಂತ, ಇನ್ನೊಂದು ದಡ ನಿಜಾಮರದು. ಪಶ್ಚಿಮಕ್ಕೆ ಧಾರವಾಡ, ವಿಜಾಪುರಗಳು ಮುಂಬಯಿ ಪ್ರಾಂತ. ಯಲಬುರ್ಗಿಯ ರೈತ ಹತ್ತಿಯ ಗಾಡಿಯನ್ನು ಗದಗಿನ ಪೇಟೆಗೆ ಹೊಡೆದರೆ ಅದು ವಿದೇಶ ವ್ಯಾಪಾರ! ಯಥಾಸ್ಥಿತಿ ಒಪ್ಪಂದದ ಮಸಿ ಆರುವ ಮೊದಲೇ ಸಂಸ್ಥಾನವು ಎರಡು ಸುಗ್ರೀವಾಜ್ಞೆಗಳನ್ನು ಹೊರಡಿಸಿ, ಬೆಲೆಬಾಳುವ ಲೋಹಗಳು ಹೊರಹೋಗದಂತೆ ತಡೆಯಿತು ಮತ್ತು ಭಾರತದ ನಾಣ್ಯವನ್ನು ಕಾನೂನುಬದ್ಧ ಚಲಾವಣೆಯಿಂದ ತೆಗೆಯಿತು. ಕಾಗದದ ಮೇಲೆ ಇವು ಆರ್ಥಿಕ ಸ್ವಾತಂತ್ರ್ಯದ ಲಕ್ಷಣಗಳು. ಗಡಿಯ ರೈತನಿಗಾದರೋ ಕೈಯಲ್ಲಿದ್ದ ಕಲ್ದಾರ ತನ್ನೂರಿನಲ್ಲೇ ಅನುಮಾನಕ್ಕೆ ಎಡೆಯಾದಂತೆ. ಗಡಿ ಶಿಬಿರದವರು ಮೊಟ್ಟಮೊದಲು ಕರೋಡಗಿರಿ ನಾಕೆಗಳ ಮೇಲೆ ಏಕೆ ಬಿದ್ದರೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಯುದ್ಧಕಾಲದಲ್ಲಿ ಆರಂಭವಾದ ಲೇವಿ, ಅಂದರೆ ಕಡ್ಡಾಯ ಧಾನ್ಯವಸೂಲಿ, ಈ ಕಷ್ಟಕ್ಕೆ ಮೇಲಿನ ಹೇರು. ಇತ್ತ 1948ರಲ್ಲಿ ಭಾರತ ಸರ್ಕಾರವೂ ಸರಕು ಸಾಗಾಟವನ್ನು ಬಿಗಿಗೊಳಿಸಿತು. ಲಾಯಕ್ ಅಲಿಯವರು ಮುಂದೆ ಕರಾಚಿಯಲ್ಲಿ ಪ್ರಕಟಿಸಿದ ತಮ್ಮ ನೆನಪುಗಳಲ್ಲಿ ಇದನ್ನು ದಿಗ್ಬಂಧನವೆಂದು ದೂರಿದ್ದಾರೆ, ಕೆ.ಎಂ. ಮುನ್ಷಿ, ವಿ.ಪಿ. ಮೆನನ್ನರ ಗ್ರಂಥಗಳು ಇನ್ನೊಂದು ಪಕ್ಷವನ್ನು ಹೇಳುತ್ತವೆ. ಮೂರನ್ನೂ ಒಟ್ಟಿಗಿಟ್ಟುಕೊಂಡು ಓದಿದವನಿಗೆ ಮಾತ್ರ ನಿಜದ ಹತ್ತಿರಕ್ಕೆ ಹೋಗುವ ಅವಕಾಶವುಂಟು.

ಈ ಅವಧಿಯಲ್ಲಿ ಭೂಸುಧಾರಣೆಯ ಮಾತೇ ಏಳಲಿಲ್ಲವೆಂಬುದು ಗಮನಾರ್ಹ. ಜಾಗೀರುದಾರರನ್ನು ಮುಟ್ಟಿದರೆ ದರ್ಬಾರಿನ ಕಂಬಗಳೇ ಅಲುಗುತ್ತಿದ್ದವು. ಸಂಸ್ಥಾನದ ಬೊಕ್ಕಸ ಬಡವಾಗಿರಲಿಲ್ಲ. ಶಹಾಬಾದಿನ ಸಿಮೆಂಟು, ಕಲಬುರಗಿಯ ಎಂ.ಎಸ್.ಕೆ. ಗಿರಣಿ, ಹಟ್ಟಿಯ ಚಿನ್ನದ ಗಣಿಗಳೆಲ್ಲ ಕನ್ನಡ ನೆಲದಲ್ಲಿಯೇ ಇದ್ದವು. ಇದ್ದ ಹಣ ಎತ್ತ ಹೋಯಿತೆಂಬುದೇ ಪ್ರಶ್ನೆ. ಭಾರತ ಸರ್ಕಾರದ ಸಾಲಪತ್ರಗಳ ರೂಪದಲ್ಲಿದ್ದ ಇಪ್ಪತ್ತು ಕೋಟಿ ರೂಪಾಯಿಗಳನ್ನು ಪಾಕಿಸ್ತಾನಕ್ಕೆ ಸಾಲವಾಗಿ ಕೊಡಲು ಅದು ಮುಂದಾಯಿತು. ದೆಹಲಿ ಇದನ್ನು ಒಪ್ಪಂದದ ಉಲ್ಲಂಘನೆಯೆಂದು ಎಣಿಸಿತು.

ಹೀಗೆ ನಾವು ವಿದೇಶ ಸಂಬಂಧಗಳ ಅಂಗಳಕ್ಕೆ ಬರುತ್ತೇವೆ. ಸುತ್ತಲೂ ಭಾರತದ ನೆಲವೇ ಇದ್ದ, ಕಡಲಿಲ್ಲದ ರಾಜ್ಯವಿದು. ಪೋರ್ಚುಗೀಸರಿಂದ ಗೋವೆಯ ಮರ್ಮಗೋವಾ ಬಂದರನ್ನು ಪಡೆಯುವ ಯೋಚನೆಯನ್ನೂ ನಡೆಸಿದರು. ಭೂಪಟವನ್ನು ಬಿಡಿಸಿ ನೋಡಿದರೆ ರಾಯಚೂರಿಗೂ ಮರ್ಮಗೋವೆಗೂ ನಡುವೆ ಇದ್ದದ್ದು ಗದಗ, ಹುಬ್ಬಳ್ಳಿ, ಧಾರವಾಡಗಳು, ಎಂದರೆ ನಿಜಾಮರ ಕನ್ನಡ ಪ್ರಜೆಗಳು ಯಾರೊಡನೆ ಒಂದಾಗಲು ಬಯಸಿದ್ದರೋ ಆ ಜನ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ರಾತ್ರಿವೇಳೆ ಶಸ್ತ್ರಗಳನ್ನು ತಂದಿಳಿಸಿದನು. ಅವನ ವಿಮಾನಗಳು ಇಳಿದ ನೆಲೆಗಳಲ್ಲಿ ಬೀದರವೂ ಒಂದು. ಬಹಮನಿ ಸುಲ್ತಾನರ ಕೋಟೆಯೂರಿಗೆ ಇಪ್ಪತ್ತನೆಯ ಶತಮಾನದ ರಾಜತಂತ್ರ ಪ್ರವೇಶಿಸಿದ್ದು ಹೀಗೆ.

ಆದರೆ ಇದೇ ಸಂಸ್ಥಾನ ಹೊರಗಿನವರೊಡನೆ ಮಾಡಿಕೊಂಡ ಒಂದು ವ್ಯವಹಾರ ಇಂದಿಗೂ ಫಲ ಕೊಡುತ್ತಿದೆ. ತುಂಗಭದ್ರಾ ಅಣೆಕಟ್ಟಿಗಾಗಿ ಮದ್ರಾಸು ಸರ್ಕಾರದೊಡನೆ ಒಪ್ಪಂದವಾಗಿ 1945ರ ಫೆಬ್ರವರಿ 28ರಂದು ಎರಡೂ ದಡಗಳಲ್ಲಿ ಅಡಿಗಲ್ಲುಗಳನ್ನಿಟ್ಟರು. ನಿಜಾಮರ ಕಡೆಯಲ್ಲಿ ಇಟ್ಟವರು ಬೇರಾರಿನ ರಾಜಕುಮಾರರು. ಕೊಪ್ಪಳ, ಗಂಗಾವತಿ, ಸಿಂಧನೂರುಗಳ ಇಂದಿನ ಗದ್ದೆಗಳು ಆ ಒಪ್ಪಂದದ ಫಲ. ಕನ್ನಡ ಜಿಲ್ಲೆಗಳಿಗೆ ಬೇಕಾಗಿದ್ದ ‘ವಿದೇಶ ನೀತಿ’ ಯಾವುದೆಂದು ಕೇಳಿದರೆ ನಾನು ಲಂಡನ್ನನ್ನೂ ಕರಾಚಿಯನ್ನೂ ಬಿಟ್ಟು ಮುನಿರಾಬಾದಿನ ಆ ಕಲ್ಲನ್ನು ತೋರಿಸಿಯೇನು.

1948ರ ಆಗಸ್ಟ್ 21ರಂದು ಹೈದರಾಬಾದ್ ತನ್ನ ದೂರನ್ನು ಭದ್ರತಾ ಮಂಡಳಿಗೆ ತಂತಿಯ ಮೂಲಕ ಕಳುಹಿಸಿತು. ಶೋಯೆಬುಲ್ಲಾ ಖಾನರು ಕೊಲೆಯಾದದ್ದು ಅದೇ ರಾತ್ರಿಯೆಂಬುದನ್ನು ಓದುಗರು ಆಗಲೇ ಗಮನಿಸಿರಬಹುದು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯದ ಮುಖ್ಯ ತುಕಡಿ ಸೋಲಾಪುರದಿಂದ ಹೊರಟು ನಳದುರ್ಗ, ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಮುನ್ನಡೆಯಿತು. 16ರಂದು ಪ್ಯಾರಿಸ್ಸಿನಲ್ಲಿ ಮಂಡಳಿ ಸೇರಿತು. ಹೈದರಾಬಾದಿನ ಪರವಾಗಿ ಮೊಯಿನ್ ನವಾಜ್ ಜಂಗ್. 17ರಂದು ನಿಜಾಮರು ಕದನ ನಿಲ್ಲಿಸಿದರು. 18ರಂದು ಜನರಲ್ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. ನಿಜಾಮರೇ ದೂರನ್ನು ಹಿಂತೆಗೆದುಕೊಂಡರೂ ‘ಹೈದರಾಬಾದ್ ಪ್ರಶ್ನೆ’ ಮಂಡಳಿಯ ಪಟ್ಟಿಯಲ್ಲಿ ದಶಕಗಳ ಕಾಲ ಉಳಿದಿತ್ತು. ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಪ್ಯಾರಿಸ್ಸಿನಲ್ಲಿ ಭಾರತದ ಪರವಾಗಿ ವಾದಿಸಿದವರು ಸರ್ ಎ. ರಾಮಸ್ವಾಮಿ ಮೊದಲಿಯಾರ್, ಆಗ ಮೈಸೂರಿನ ದಿವಾನರು. ಒಂದು ವರ್ಷದ ಹಿಂದೆ ‘ಮೈಸೂರು ಚಲೋ’ ಸತ್ಯಾಗ್ರಹಿಗಳು ಘೋಷಣೆ ಕೂಗಿದ್ದು ಇವರ ಆಡಳಿತದ ವಿರುದ್ಧವೇ.

ಕಾರ್ಯಾಚರಣೆಯ ನಂತರದ ವಾರಗಳನ್ನು ಕುರಿತು ನಮ್ಮ ಬಹುತೇಕ ಬರಹಗಳು ಮೌನವಾಗಿವೆ. ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಪ್ರತೀಕಾರದ ಹಿಂಸೆ ನಡೆಯಿತು. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡವು ಅತಿ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಕಲಬುರಗಿ, ಬೀದರ, ನಾಂದೇಡ. ನಾಲ್ಕರಲ್ಲಿ ಎರಡು ಕನ್ನಡ ಜಿಲ್ಲೆಗಳು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ; 2013ರಲ್ಲಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುಗರಿಗೆ ದೊರೆಯುವಂತಾಯಿತು. ಗೋರಟಾವನ್ನು ನೆನೆಯುವವರು ಇದನ್ನೂ ನೆನೆಯಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ವಿದ್ವತ್ತಿಗೆ ಸಲ್ಲದು. ನಮ್ಮ ಅಜ್ಜಿಯ ಊರಿನಲ್ಲಿಯೂ ಆ ವರ್ಷ ಎರಡು ಓಣಿಗಳು ಬರಿದಾದವು. ಒಂದು ಮೇ ತಿಂಗಳಿನಲ್ಲಿ, ಮತ್ತೊಂದು ಅಕ್ಟೋಬರಿನಲ್ಲಿ. ಅಜ್ಜಿ ಎರಡನ್ನೂ ಹೇಳುತ್ತಿದ್ದಳು. ಮೊದಲನೆಯದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದಳು.

ಸುಧಾರಣೆಗಳು ಬಂದದ್ದು ಸ್ವತಂತ್ರ ರಾಷ್ಟ್ರ ಅಳಿದ ಮೇಲೆ, ಅದೂ ಸೈನಿಕ ಆಡಳಿತದ ಕೈಯಿಂದ. 1949ರಲ್ಲಿ ಸರ್ಫ್-ಎ-ಖಾಸ್ ದಿವಾನಿಯಲ್ಲಿ ಲೀನವಾಯಿತು; ಅದೇ ವರ್ಷದ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದವು; 1950ರ ಕಾಯಿದೆ ರಕ್ಷಿತ ಗೇಣಿದಾರರಿಗೆ ಹಕ್ಕು ಕೊಟ್ಟಿತು. ಈ ತ್ವರೆಗೆ ತೆಲಂಗಾಣದ ರೈತ ಹೋರಾಟದ ಭಯವೂ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಹಾಲಿ ಸಿಕ್ಕಾ ಐವತ್ತರ ದಶಕದಲ್ಲಿ ಮರೆಯಾಯಿತು. 1949ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ಸೇರಿದಾಗ ಗಸ್ತಿಯ ಅಂಜಿಕೆಯಿರಲಿಲ್ಲ. 1952ರಲ್ಲಿ ಬೂರ್ಗುಲ ರಾಮಕೃಷ್ಣರಾಯರ ಚುನಾಯಿತ ಸರ್ಕಾರ ಬಂದಿತು. 1956ರ ನವೆಂಬರ್ 1ರಂದು ರಾಜ್ಯವೇ ಮೂರು ಭಾಷೆಗಳ ಪಾಲಾಗಿ ಕನ್ನಡ ಜಿಲ್ಲೆಗಳು ಮೈಸೂರನ್ನು ಸೇರಿದವು. ಹಿಂದುಳಿದಿರುವಿಕೆ ಮಾತ್ರ ಜೊತೆಗೇ ಹೋಯಿತು. 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿ ಸೇರಿದ್ದು, ಜಾಗೀರು ರದ್ದಾಗಿ ಅರವತ್ತು ವರ್ಷ ಕಳೆದ ಮೇಲೂ ಆ ಅಂತರ ತುಂಬಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಸೆಪ್ಟೆಂಬರ್ 17ಕ್ಕೆ ಇರುವ ಹೆಸರುಗಳೇ ಒಂದು ಸಣ್ಣ ನಿಘಂಟಾದಾವು. ಸರ್ಕಾರಿ ಕಡತದಲ್ಲಿ ಪೊಲೀಸ್ ಕಾರ್ಯಾಚರಣೆ, ಹಳ್ಳಿಯ ಬಾಯಲ್ಲಿ ಬರಿಯ ‘ಆ್ಯಕ್ಷನ್’, ಹೋರಾಟಗಾರರಿಗೆ ವಿಮೋಚನೆ, ಕೆಲವರಿಗೆ ವಿಲೀನ, ಹಳೆಯ ನಗರದ ಉರ್ದು ಮನೆಗಳಲ್ಲಿ ಸುಕೂತ್-ಎ-ಹೈದರಾಬಾದ್, ಅಂದರೆ ಪತನ. ಕರ್ನಾಟಕದಲ್ಲಿ ವಿಮೋಚನಾ ದಿನವಾಗಿದ್ದುದು 2019ರಲ್ಲಿ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ತೆಲಂಗಾಣ ಸರ್ಕಾರ 2022ರಲ್ಲಿ ಅದನ್ನು ರಾಷ್ಟ್ರೀಯ ಸಮೈಕ್ಯತಾ ದಿನವೆಂದು, 2024ರಲ್ಲಿ ಪ್ರಜಾಪಾಲನಾ ದಿನವೆಂದು ಆಚರಿಸಿತು. ಕೇಂದ್ರ ಸರ್ಕಾರ 2022ರಿಂದ ವಿಮೋಚನಾ ದಿನವೆನ್ನುತ್ತಿದೆ. ಪದವನ್ನು ಆರಿಸುವಾಗಲೇ ಪಕ್ಷವನ್ನೂ ಆರಿಸಿಬಿಡುತ್ತೇವೆಂಬ ಎಚ್ಚರ ಸಂಶೋಧಕನಿಗೆ ಇರಬೇಕು.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ವ್ಯಾವಹಾರಿಕ ಸೂಚನೆ. ಉಪ್ಪಲ್‌ನಿಂದ ವಿಶ್ವವಿದ್ಯಾನಿಲಯಕ್ಕೆ ಬರುವ ದಾರಿಯಲ್ಲಿಯೇ, ತಾರ್ನಾಕಾದಲ್ಲಿ, ರಾಜ್ಯ ಪತ್ರಾಗಾರವಿದೆ. ಸಂಸ್ಥಾನದ ದಾಖಲೆಗಳು ಅಲ್ಲಿವೆ. ಬಹುಪಾಲು ಉರ್ದುವಿನಲ್ಲಿವೆ; ತಾರೀಖುಗಳು ಫಸಲಿ ಸನದಲ್ಲಿವೆ. ಫಸಲಿಗೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ; ಸ್ವತಂತ್ರ ಹೈದರಾಬಾದಿನ ಬಹುಭಾಗ 1357ನೆಯ ಫಸಲಿಯಲ್ಲಿ ಬರುತ್ತದೆ. ಉರ್ದು ಮಾಧ್ಯಮದಲ್ಲಿ ಓದಿ ಮನೆಯಲ್ಲಿ ಕನ್ನಡ ಆಡುತ್ತಿದ್ದ ನಮ್ಮ ಅಜ್ಜಂದಿರು ಈ ಕಾಗದಗಳನ್ನು ನೀರು ಕುಡಿದಂತೆ ಓದುತ್ತಿದ್ದರು. ಆ ತಲೆಮಾರು ಮುಗಿದಿದೆ. ಹೈದರಾಬಾದ್ ಕರ್ನಾಟಕವನ್ನು ಕುರಿತು ಸಂಶೋಧನೆಗೆ ನೋಂದಾಯಿಸಿಕೊಳ್ಳುವ ಕನ್ನಡ ವಿದ್ಯಾರ್ಥಿಯು ಹಳಗನ್ನಡದ ಜೊತೆಗೆ ಒಂದು ವರ್ಷ ಉರ್ದು ಲಿಪಿಯನ್ನೂ ಅಭ್ಯಾಸ ಮಾಡುವಂತಾದರೆ, ರಾಯಚೂರಿನ ತಾಲೂಕು ಕಚೇರಿಯಿಂದ ಆ ವರ್ಷ ಹೋದ ವರದಿಗಳಲ್ಲಿ ರೈತರು ಏನು ಕೇಳಿದ್ದರು, ಅದು ಉರ್ದುವಿಗೆ ಹೇಗೆ ತರ್ಜುಮೆಯಾಯಿತು, ತರ್ಜುಮೆಯಲ್ಲಿ ಏನು ಬಿಟ್ಟುಹೋಯಿತು ಎಂಬುದನ್ನು ಹುಡುಕಿ ನೋಡಬಹುದು.